ಗುಡಿಸದ ನೆಲ

ಎಲ್ ಹಿಕಾರಾಲ್, ಲೆಂಪೀರಾ
19 ಜನವರಿ 1997

ಮಾವನವರಿಗೆ,

ನಿಮ್ಮ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ ಎಂದು ಎರ್ಮೆಲಿಂದಾ ಅತ್ತಿಗೆ ಬಸ್ಸಿನ ಡ್ರೈವರ್ ಬಳಿ ಹೇಳಿ ಕಳಿಸಿದ್ದು ತಲುಪಿತು. ಸಮಾಧಾನವಾಯಿತು. ನಿಮ್ಮನ್ನು ಕೆಡವಿದ ಹೇಸರಗತ್ತೆಯೂ ಚೆನ್ನಾಗಿದೆ. ಅದಕ್ಕೆ ತಪ್ಪು ಮಾಡಿದ ಅಳುಕೇನೂ ಇದ್ದಂತಿಲ್ಲ.

ಇಲ್ಲಿ ಕೊಯ್ಲು ಮುಗಿದು ಮೆಕ್ಕೆಜೋಳದ ದಂಟೆಲ್ಲ ಹೊಲದಲ್ಲೇ ಮಲಗಿದೆ. ಹೋದ ವಾರ ಮಕ್ಲೋವಿಯೊ ಭಾವ ತಮ್ಮ ದನ ಹೊಡೆದುಕೊಂಡು ಬಂದಿದ್ದರು. ಕೊಯ್ದ ಹೊಲಕ್ಕೆ ದನ ಬಿಡುವುದು ಊರಿನ ರೂಢಿ, ನನಗೂ ಗೊತ್ತು. ಆದರೆ ಆ ದಂಟೇ ನನ್ನ ಹೊಲದ ಹೊದಿಕೆ. ಅದನ್ನು ದನ ತಿಂದರೆ ನೆಲ ಬೆತ್ತಲೆಯಾಗುತ್ತದೆ. ಬೇಡ ಎಂದೆ.

"ದನ ತಿನ್ನೋದೂ ಬೇಡ, ಬೆಂಕಿ ತಿನ್ನೋದೂ ಬೇಡ. ಗೆದ್ದಲಿಗೆ ಬಡಿಸ್ತೀಯಾ?" ಎಂದರು.

"ಹೂಂ, ಅವೂ ಈ ಊರಿನವೇ ಅಲ್ವಾ" ಎಂದೆ.

ಅವರು ನಗಲಿಲ್ಲ. ಹೋಗುವಾಗ ಒಂದು ಹಗ್ಗ ತೆಗೆದು ಮೇಲಿನ ದಾರಿಯಿಂದ ಕೆಳಗಿನ ತೊರೆಯವರೆಗೆ ಹೊಲ ಅಳೆದರು, ಮುಳ್ಳುತಂತಿ ಎಷ್ಟು ಬೇಕಾದೀತು ಎಂದು ನೋಡಲು. ಹಗ್ಗದ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ನಾನೇ ಹಿಡಿದುಕೊಂಡೆ.

ನೀವು ಹೊರಟ ದಿನ ಟ್ರಕ್ಕಿನ ಹಿಂದೆ ಮಲಗಿಕೊಂಡೇ ಹೇಳಿದ ಮಾತನ್ನು ನಾನೂ ಭಾವನೂ ಕೇಳಿಸಿಕೊಂಡಿದ್ದೇವೆ. "ಈ ವರ್ಷ ನಿಕೊಲಾಸಾನೇ ಬಿತ್ತಲಿ. ಕೊಯ್ಲಾದ್ಮೇಲೆ ಆ ಹೊಲ ಅವಳಿಗೋ ನಿಂಗೋ ಅಂತ ಹೇಳ್ತೀನಿ. ಅಲ್ಲೀತನಕ ಇಬ್ರೂ ಬಾಯಿ ಮುಚ್ಕೊಂಡಿರಿ." ಭಾವ ಬಾಯಿ ಮುಚ್ಚಿಕೊಂಡೇ ಇದ್ದಾರೆ. ಹಗ್ಗ ಮಾತ್ರ ತಂದಿದ್ದರು.

ನಾನು ಎಂದಿನಂತೆ ಬಿತ್ತುತ್ತೇನೆ. ಬೆಂಕಿ ಇಡುವುದಿಲ್ಲ. ಮೊದಲೇ ತಿಳಿಸಿದರೆ ಒಳ್ಳೆಯದು ಎಂದು ಬರೆದೆ.

ನಿಮ್ಮ ಸೊಸೆ
ನಿಕೊಲಾಸಾ


ಸಾನ್ ಪೆದ್ರೊ ಸುಲಾ
9 ಫೆಬ್ರವರಿ 1997

ನಿಕೊಲಾಸಾಗೆ,

ಕಾಗದ ಬಂತು. ನಾನೇ ಓದಿಕೊಂಡೆ. ಕೆಟ್ಟಿರುವುದು ಸೊಂಟ, ಕಣ್ಣಲ್ಲ. ಮಳೆಗಾಲ ಮುಗಿಯುವ ತನಕ ಬೆಟ್ಟ ಹತ್ತಬೇಡ ಎಂದು ಡಾಕ್ಟರು ಹೇಳುತ್ತಾನೆ. ಅವನಿಗಿನ್ನೂ ಸರಿಯಾಗಿ ಮೀಸೆ ಬಂದಿಲ್ಲ.

ಇಲ್ಲಿ ನನಗೆ ಕೆಲಸವೇ ಇಲ್ಲ. ಎರ್ಮೆಲಿಂದಾ ದಿನವಿಡೀ ಅಂಗಡಿಯಲ್ಲಿ ಕೂತು ಸಾಬೂನು, ಸಕ್ಕರೆ, ಮೇಣದಬತ್ತಿ ಮಾರುತ್ತಾಳೆ. ಹಿತ್ತಿಲಲ್ಲಿ ಒಂದು ಬೆಣ್ಣೆಹಣ್ಣಿನ ಮರ ಇದೆ. ಅದರ ಎಲೆ ಗುಡಿಸುವುದನ್ನು ನಾನು ವಹಿಸಿಕೊಂಡಿದ್ದೇನೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಪೊರಕೆ. "ಅಪ್ಪಾ, ಎಲೆ ಜೊತೆ ಹಿತ್ಲನ್ನೂ ಗುಡಿಸಿ ಹಾಕ್ಬಿಡ್ತೀಯ" ಎಂದು ಅವಳು ನಗುತ್ತಾಳೆ. ನಗಲಿ. ನೆಲ ಚೊಕ್ಕವಾಗಿದ್ದರೆ ನನಗೆ ಊಟ ಸೇರುತ್ತದೆ.

ಇನ್ನು ಹೊಲದ ವಿಷಯ. ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ, ಈ ವರ್ಷ ಅದು ನಿನ್ನದು. ಆದರೆ ಒಂದು ಹೇಳುತ್ತೇನೆ. ಆ ಹೊಲ ದಾರಿಯ ಪಕ್ಕದಲ್ಲಿದೆ. ಭಾನುವಾರ ಚರ್ಚಿನ ಪೂಜೆಗೆ ಹೋಗುವವರೆಲ್ಲ ಅದನ್ನು ನೋಡಿಕೊಂಡೇ ಹೋಗಬೇಕು. ನನ್ನ ಕಾಲದಲ್ಲಿ ಬಿತ್ತನೆಗೆ ಮುಂಚೆ ಅಲ್ಲಿ ಅಂಗಿಯ ಗುಂಡಿ ಬಿದ್ದರೂ ನಿಂತಲ್ಲಿಂದಲೇ ಕಾಣುತ್ತಿತ್ತು. ಒಂದು ಕಡ್ಡಿ ಇರುತ್ತಿರಲಿಲ್ಲ. ಇದು ಕ್ರೆಸೆನ್ಸಿಯೊ ಮಾಡಿದ ಕೆಲಸ ಎಂದು ಜನ ನಿಂತು ನೋಡಿ ಹೋಗುತ್ತಿದ್ದರು. ಈಗ ನಿಂತು ಏನು ನೋಡುತ್ತಾರೆ? ಕೊಂಬೆ, ತರಗು, ತಲೆ ಕಡಿದ ಮರಗಳು. ನಿನ್ನದು ಹೊಲ ಅಲ್ಲ, ಹೊಲಸು ಎಂದು ಮಗ ಲಿಸಾಂದ್ರೊಗೂ ಹೇಳಿದ್ದೆ.

ಇರಲಿ. ಅವನ ಮಾತು ಈಗ ಬೇಡ.

ಅದರಿಂದ ಹೊಟ್ಟೆ ತುಂಬುತ್ತದೆಯೇ? ಅದೊಂದನ್ನು ಬರೆ. ಹೇಸರಗತ್ತೆಗೆ ಉಪ್ಪು ಕೊಡುವುದನ್ನು ಮರೆಯಬೇಡ.

ನಿನ್ನ ಮಾವ
ಕ್ರೆಸೆನ್ಸಿಯೊ


ಎಲ್ ಹಿಕಾರಾಲ್
2 ಮಾರ್ಚ್ 1997

ಮಾವನವರಿಗೆ,

ಹೇಸರಗತ್ತೆಗೆ ಉಪ್ಪು ಕೊಟ್ಟಿದ್ದೇನೆ.

ಲಿಸಾಂದ್ರೊರ ಮಾತು ಬೇಡ ಎಂದಿದ್ದೀರಿ. ಸ್ವಲ್ಪ ಬೇಕಾಗುತ್ತದೆ, ಯಾಕೆಂದರೆ ಈ ಕೆಲಸ ಶುರು ಮಾಡಿದವರು ಅವರು. ಹಂದಿಮರಿ ತರುತ್ತೇನೆ ಎಂದು ಹೊಳೆಯಾಚೆಯ ಊರಿಗೆ ಹೋದವರು ಮೂರು ದಿನ ಬಿಟ್ಟು ಬರಿಗೈಯಲ್ಲಿ ಬಂದರು. "ಹಂದಿ ಎಲ್ಲಿ?" ಎಂದೆ. "ಹಂದಿ ಇರ್ಲಿ ಬಿಡೆ, ಅಲ್ಲಿ ಮುದುಕರು ಬೆಂಕೀನೇ ಇಡಲ್ಲ" ಎಂದರು. ಪೊದೆ ಸವರುವುದು, ಮರ ಬುಡದಲ್ಲಿ ಕಡಿಯದೆ ಎದೆಯೆತ್ತರಕ್ಕೆ ಬಿಡುವುದು, ಸವರಿದ್ದನ್ನೆಲ್ಲ ನೆಲಕ್ಕೆ ಹರಡಿ, ಅದರ ನಡುವೆ ಚೂಪುಗೋಲಿನಿಂದ ತೂತು ಮಾಡಿ ಕಾಳು ಹಾಕುವುದು. ಇಷ್ಟೇ. ಮರ ಚಿಗುರಿದಾಗ ಮತ್ತೆ ಸವರಿ ಮತ್ತೆ ಹರಡುವುದು. ಹೋದ ವರ್ಷ ಕಾಫಿ ಬಿಡಿಸಲು ಹೊರಟ ಟ್ರಕ್ಕು ಉರುಳಿ ಅವರು ಹೋದ ಮೇಲೆ ನಾನು ಅದನ್ನೇ ಮುಂದುವರಿಸಿದೆ. ಈಗ ಆ ತರಗು ಗೇಣುದ್ದ ದಪ್ಪ ಇದೆ. ತಳದಲ್ಲಿರುವುದು ಮಣ್ಣೋ ಎಲೆಯೋ ಎಂದು ಹೇಳಲು ಬರುವುದಿಲ್ಲ.

ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ್ದೀರಿ. ಮೊದಲ ವರ್ಷ ತುಂಬಲಿಲ್ಲ, ಮುಚ್ಚಿಡುವುದೇನು. ಎರಡನೆಯ ವರ್ಷ ಸುಟ್ಟವರಿಗೆ ಬಂದಷ್ಟೇ ಬಂತು. ಹೋದ ವರ್ಷ ನಾನೊಬ್ಬಳೇ ಬಿತ್ತಿ, ಕೊಯ್ದು, ತಿಂದು, ಮಿಕ್ಕ ಬೀನ್ಸ್ ಕಾಳು ಮಾರಿ ಛಾವಣಿಗೆ ತಗಡು ಹಾಕಿಸಿದೆ. ಸವರಿದ ದಪ್ಪ ಕೊಂಬೆ ಬ್ರೆಡ್ಡಿನವನ ಒಲೆಗೆ ಹೋಗುತ್ತದೆ. ಸುಟ್ಟ ಹೊಲದಲ್ಲಿ ಕಳೆ ಮತ್ತೆ ಮತ್ತೆ ಏಳುತ್ತದೆ, ಕೀಳಲು ಆಳು ಬೇಕು. ತರಗಿನಡಿ ಕಳೆ ತಲೆ ಎತ್ತುವುದಿಲ್ಲ, ನಾನೇ ಒಂದು ಸಲ ಕಿತ್ತರೆ ಮುಗಿಯಿತು. ಗಂಡಸಿಲ್ಲದ ಮನೆಗೆ ಅದೇ ದೊಡ್ಡ ಅನುಕೂಲ. ಮೇಲಾಗಿ ಸುಡುವವರು ಮೂರು ವರ್ಷಕ್ಕೊಮ್ಮೆ ಬೇರೆ ಗುಡ್ಡ ಹುಡುಕಬೇಕು. ಭಾವನ ಹೊಲ ಹಾಗೇ ಸತ್ವ ಕಳೆದುಕೊಂಡು ಹುಲ್ಲುಗಾವಲಾಯಿತು. ಈಗ ಅಲ್ಲಿ ಹುಲ್ಲೂ ಸಾಲದೆ ಇತ್ತ ನೋಡುತ್ತಿದ್ದಾರೆ. ನಮಗಿರುವುದು ಒಂದೇ ಗುಡ್ಡ, ಮಾವ.

ಜನ ಏನು ನೋಡುತ್ತಾರೆ ಎಂದೂ ಕೇಳಿದ್ದೀರಿ. ನಮ್ಮೂರಲ್ಲಿ ಹೊಲ ಹೊಲಸಾಗಿದೆ ಎಂದರೆ ಅದು ಹೊಲದ ಮಾತಲ್ಲ, ಹೊಲದವನ ಮಾತು. ಸೋಮಾರಿ ಎಂದು ಬಾಯಿ ಬಿಟ್ಟು ಹೇಳುವ ಬದಲು ಹಾಗೆನ್ನುತ್ತಾರೆ. ಲಿಸಾಂದ್ರೊರಿಗೂ ಅದು ಗೊತ್ತಿತ್ತು. ಊರವರು ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ನೀವು ಹೇಳಿದ ದಿನ ಅರ್ಧ ಊಟಕ್ಕೆ ಎದ್ದು ಹೋದರು. ನಿಮಗೆ ನೆನಪಿರಲಿಕ್ಕಿಲ್ಲ.

ನಿಮ್ಮ ಸೊಸೆ
ನಿಕೊಲಾಸಾ


ಸಾನ್ ಪೆದ್ರೊ ಸುಲಾ
23 ಮಾರ್ಚ್ 1997

ನಿಕೊಲಾಸಾಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕೆಲವು ಮಾತಿಗೆ ಉತ್ತರ ಬರೆಯುವುದಿಲ್ಲ.

ಗಂಡಸಿಲ್ಲದ ಮನೆ ಎಂದು ಬರೆದಿದ್ದೀಯ. ಅದನ್ನು ಓದಿ ನನಗೆ ಆ ದಿನ ಏನೂ ಸೇರಲಿಲ್ಲ. ಇಲ್ಲಿ ನಾನು ಪೊರಕೆ ಹಿಡಿದು ಕುಂಟುತ್ತಿದ್ದೇನೆ, ಅಲ್ಲಿ ನೀನು ಒಬ್ಬಳೇ ಮಚ್ಚು ಹಿಡಿದು ಗುಡ್ಡ ಹತ್ತುತ್ತಿದ್ದೀಯ. ಕೈಲಾಗದ್ದಕ್ಕೇ ಹೊಲವನ್ನು ಹಾಗೆ ಬಿಟ್ಟಿದ್ದೀಯೋ ಏನೋ, ಅದನ್ನು ನೀನು ಬಾಯಿ ಬಿಟ್ಟು ಹೇಳುವವಳಲ್ಲ. ಅದಕ್ಕೊಂದು ಏರ್ಪಾಡು ಮಾಡಿದ್ದೇನೆ. ಕಂಪಾದ್ರೆ ತೊರಿಬಿಯೊಗೆ, ನಮ್ಮ ಹುಡುಗನ ಜ್ಞಾನತಂದೆಗೆ, ಕಾಗದ ಹಾಕಿದ್ದೇನೆ. ಏನು ಎಂದು ಕೇಳಬೇಡ. ಈಸ್ಟರ್ ಕಳೆಯಲಿ.

ನೋಡಿದಾಗ ನಿನಗೆ ಕಣ್ಣು ತುಂಬಿ ಬರುತ್ತದೆ. ಅಷ್ಟು ಮಾತ್ರ ಹೇಳುತ್ತೇನೆ.

ಇಲ್ಲಿ ಸೆಖೆ ತಡೆಯಲಾಗುವುದಿಲ್ಲ. ಮರದ ಎಲೆ ಈಗ ಹೆಚ್ಚು ಉದುರುತ್ತಿದೆ. ಮಧ್ಯಾಹ್ನವೂ ಒಮ್ಮೆ ಗುಡಿಸುತ್ತಿದ್ದೇನೆ.

ನಿನ್ನ ಮಾವ
ಕ್ರೆಸೆನ್ಸಿಯೊ


ಎಲ್ ಹಿಕಾರಾಲ್
27 ಏಪ್ರಿಲ್ 1997

ಮಾವನವರಿಗೆ,

ಕಣ್ಣು ತುಂಬಿ ಬಂತು. ನೀವು ಹೇಳಿದಂತೆಯೇ ಆಯಿತು.

ಬೀನ್ಸ್ ಮಾರಲು ಗ್ರಾಸಿಯಾಸ್ ಪೇಟೆಗೆ ಹೋಗಿದ್ದೆ. ಅಂದು ಅಕ್ಕನ ಮನೆಯಲ್ಲೇ ಉಳಿದು ಮರುದಿನ ಟ್ರಕ್ಕಿನಲ್ಲಿ ಬಂದೆ. ಗುಡ್ಡದಲ್ಲಿ ಹೊಗೆ ಕಾಣಿಸಿತು. ಏಪ್ರಿಲಿನಲ್ಲಿ ಎಲ್ಲರ ಗುಡ್ಡದಲ್ಲೂ ಹೊಗೆಯೇ, ಯಾರದೋ ಇರಬೇಕು ಎಂದುಕೊಂಡೆ. ತಿರುವಿಗೆ ಬಂದಾಗ ನಮ್ಮದು ಎಂದು ಗೊತ್ತಾಯಿತು. ಟ್ರಕ್ಕು ನಿಲ್ಲುವ ಮುಂಚೆಯೇ ಇಳಿದು ಓಡಿದೆ.

ಹತ್ತು ಮನೆಯವರು ಮುಯ್ಯಾಳು ಬಂದಿದ್ದರು. ಹೆಂಗಸರು ಕಾಫಿ ಪಾತ್ರೆ ಸಮೇತ ಬಂದಿದ್ದರು. ಮುಂದೆ ದೋನ್ ತೊರಿಬಿಯೊ. ಮಗುವಾಗಿದ್ದ ಲಿಸಾಂದ್ರೊರನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡ ಕೈಯಲ್ಲೇ ಪಂಜು ಹಿಡಿದಿದ್ದರು. ಮುಖವೆಲ್ಲ ಮಸಿ, ಬಾಯಿ ತುಂಬ ನಗು.

"ಬಂದ್ಯಾ ತಾಯಿ? ಇನ್ನೊಂಚೂರು ತಡವಾಗಿ ಬಂದಿದ್ರೆ ಪೂರಾ ಚೊಕ್ಕ ಮಾಡಿ ತೋರಿಸ್ತಿದ್ವಿ. ನಿಮ್ಮಾವ ಕಾಗದ ಹಾಕಿದ್ದ. ಗಂಡಸಿಲ್ಲದ ಮನೆ, ಹುಡುಗಿ ಕೈಲಿ ಆಗ್ತಿಲ್ಲ, ಬಾಯಿ ಬಿಟ್ಟು ಕೇಳೋಳೂ ಅಲ್ಲ ಅಂತ."

"ಸಾಕು ದೋನ್ ತೊರಿಬಿಯೊ. ನಿಲ್ಸಿ" ಎಂದೆ.

"ಏನ್ ನಾಚ್ಕೋತೀಯ! ನಿಂಗೆ ಮಾಡ್ದೆ ಇನ್ಯಾರಿಗೆ ಮಾಡ್ಬೇಕು ನಾವು?"

ದಾರಿಯ ಪಕ್ಕದ ಮೇಲಿನ ಅರ್ಧ ಆಗಲೇ ಕರ್ರಗಾಗಿತ್ತು. ಲಿಸಾಂದ್ರೊ ಎದೆಯೆತ್ತರ ಬಿಟ್ಟಿದ್ದ ಮರಗಳು ನಿಂತಲ್ಲೇ ಹೊಗೆಯಾಡುತ್ತಿದ್ದವು. ಬೆಂಕಿ ಕೆಳಗಿನ ಅರ್ಧಕ್ಕೆ ಇಳಿಯುವುದರಲ್ಲಿತ್ತು. ಕೆಲಸ ಬಿಟ್ಟು ಬಂದವರಿಗೆ ನೀವು ಹಾಳು ಮಾಡುತ್ತಿದ್ದೀರಿ ಎಂದು ಹೇಗೆ ಹೇಳಲಿ? ಹೇಳಿದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಕೆಳಗಿಂದು ಮುಟ್ಬೇಡಿ. ಸಾನ್ ಇಸಿದ್ರೊಗೆ ಹರಕೆ ಹೊತ್ತಿದೀನಿ. ಅಷ್ಟನ್ನ ನಾನೇ ನನ್ನ ಕೈಯಾರೆ ಮಾಡ್ಬೇಕು."

ಗಂಡಸರೆಲ್ಲ ಟೋಪಿ ತೆಗೆದರು. ರೈತರ ಸಂತನ ಹೆಸರು ಕೇಳಿದ ಮೇಲೆ ಮಾತೇ ಇಲ್ಲ. ಹಸಿ ಕೊಂಬೆ ಮುರಿದುಕೊಂಡು, ತಾವೇ ಇಟ್ಟ ಬೆಂಕಿಯನ್ನು ತಾವೇ ಬಡಿದು ಆರಿಸಿದರು. ಕೆಳಗಿನ ಅರ್ಧ ಉಳಿಯಿತು. ನಾನು ರೊಟ್ಟಿ ತಟ್ಟಿ, ಮಾರದೆ ಉಳಿದಿದ್ದ ಬೀನ್ಸ್ ಬೇಯಿಸಿ ಬಡಿಸಿದೆ. ಚೆನ್ನಾಗಿ ಉಂಡರು.

ಇನ್ನು ಪ್ರತಿ ಮನೆಗೂ ಒಂದೊಂದು ದಿನ ನಾನು ಮುಯ್ಯಿ ತೀರಿಸಬೇಕು. ನನ್ನ ಹೊಲ ಸುಟ್ಟವರ ಹೊಲಕ್ಕೆ ಹೋಗಿ ದುಡಿದು ಬರಬೇಕು. ಹೋಗುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿಮ್ಮ ಮೇಲೆ ಇದೆ. ಬರೆಯದಿದ್ದರೆ ಚೆನ್ನಾಗಿತ್ತೇನೋ, ಆದರೆ ಇದೆ. ಅವರೆಲ್ಲ ಹೋದ ಮೇಲೆ ಬೂದಿಯಲ್ಲಿ ಕೂತು ಅತ್ತೆ. ಲಿಸಾಂದ್ರೊ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಮನೆ ತುಂಬ ಜನ ಇದ್ದರು.

ನಿಕೊಲಾಸಾ


ಸಾನ್ ಪೆದ್ರೊ ಸುಲಾ
18 ಮೇ 1997

ನಿಕೊಲಾಸಾಗೆ,

ಒಳ್ಳೆಯದು ಮಾಡಿದವನಿಗೆ ಇಂಥ ಕಾಗದ ಬರೆಯುತ್ತಾರೆಯೇ?

ನನ್ನ ಅಪ್ಪ ಆ ಗುಡ್ಡ ಸುಟ್ಟ, ಅವನ ಅಪ್ಪನೂ ಸುಟ್ಟ. ನಾವೆಲ್ಲ ಉಂಡು ಬೆಳೆದದ್ದು ಆ ಬೂದಿಯಿಂದಲೇ. ಬೂದಿ ಎಂದರೆ ಗೊಬ್ಬರ. ಇದು ನಿನಗೂ ಗೊತ್ತು, ಹೊಳೆಯಾಚೆಯ ಮುದುಕರಿಗೂ ಗೊತ್ತು. ಹತ್ತು ಮನೆಯವರು ನನ್ನ ಒಂದು ಕಾಗದಕ್ಕೆ ಎದ್ದು ಬಂದರು. ನನಗೆ ಈಗಲೂ ಅಷ್ಟು ಬೆಲೆ ಇದೆ ಎಂದು ನಾನು ಖುಷಿಯಾಗಿದ್ದೆ, ನಿನ್ನ ಕಾಗದ ಬರುವ ತನಕ.

ಮೇಲಾಗಿ ಸಾನ್ ಇಸಿದ್ರೊ ಹೆಸರಲ್ಲಿ ಸುಳ್ಳು ಹರಕೆ. ಮೊನ್ನೆ ಗುರುವಾರ ಅವನ ಹಬ್ಬ. ಇಲ್ಲಿನ ಚರ್ಚಿಗೆ ಕುಂಟಿಕೊಂಡು ಹೋಗಿ ನಿನ್ನ ಪರವಾಗಿ ಕ್ಷಮೆ ಕೇಳಿ ಬಂದೆ. ಮೇಣದಬತ್ತಿ ಎರ್ಮೆಲಿಂದಾ ಅಂಗಡಿಯದು.

ಕ್ರೆಸೆನ್ಸಿಯೊ


ಸಾನ್ ಪೆದ್ರೊ ಸುಲಾ
29 ಜೂನ್ 1997

ನಿಕೊಲಾಸಾಗೆ,

ನಿನ್ನಿಂದ ಉತ್ತರ ಬರಲಿಲ್ಲ. ಬಸ್ಸಿನ ಡ್ರೈವರನ್ನು ಕೇಳಿದೆ. ಕೊಟ್ಟರೆ ತಾನೇ ತರೋದು ಎಂದ.

ಮಕ್ಲೋವಿಯೊ ಬಂದಿದ್ದ, ಚೀಸು ತಂದಿದ್ದ. ಸುಟ್ಟ ಮೇಲಿನ ಅರ್ಧದಲ್ಲಿ ಪೈರು ಸೊಂಟದೆತ್ತರ ಬಂದಿದೆಯಂತೆ, ಕಡು ಹಸಿರಂತೆ. ಕೆಳಗಿನದು ಮೊಣಕಾಲಿಗೆ ನಿಂತಿದೆಯಂತೆ, ಅದೂ ತರಗಿನ ನಡುವೆ ಇಣುಕಿ ನೋಡಬೇಕಂತೆ. "ಕಣ್ಣಾರೆ ನೋಡಿದೀನಪ್ಪಾ" ಎಂದ. ನಾನು ಗೆದ್ದೆ ಎನ್ನುತ್ತಿಲ್ಲ. ಎತ್ತರ ಎಷ್ಟು ಎಂದು ಮಾತ್ರ ಹೇಳುತ್ತಿದ್ದೇನೆ.

ಹೊಲವನ್ನು ತನಗೇ ಕೊಡು ಎಂದು ಅವನು ಬಾಯಿ ಬಿಟ್ಟು ಕೇಳಲಿಲ್ಲ. ಚೀಸು ಮಾತ್ರ ದೊಡ್ಡದೇ ತಂದಿದ್ದ. ಕೊಯ್ಲು ಆಗಲಿ ಎಂದಿದ್ದೇನೆ.

ಕಾಗದ ಬರೆ. ಬೈದಾದರೂ ಬರೆ.

ನಿನ್ನ ಮಾವ
ಕ್ರೆಸೆನ್ಸಿಯೊ


ಎಲ್ ಹಿಕಾರಾಲ್
17 ಆಗಸ್ಟ್ 1997

ಮಾವನವರಿಗೆ,

ಮುಯ್ಯಿ ತೀರಿಸುತ್ತಿದ್ದೆ, ಹಾಗಾಗಿ ಬರೆಯಲಿಲ್ಲ. ಅದೊಂದೇ ಕಾರಣವಲ್ಲ. ಇರಲಿ.

ಭಾವ ಹೇಳಿದ್ದು ನಿಜ. ಜೂನಿನಲ್ಲಿ ಮೇಲಿನ ಪೈರು ಎತ್ತರವಿತ್ತು, ಹಸಿರೂ ಇತ್ತು. ಪೂಜೆಗೆ ಹೋಗುವವರು ನಿಂತು ನೋಡುತ್ತಿದ್ದರು. "ಈಗೇನಂತೀಯ ಹುಡುಗಿ?" ಎಂದು ದೋನ್ ತೊರಿಬಿಯೊ ಕೇಳಿದರು. ನಾನೇ ತಪ್ಪು ತಿಳಿದಿದ್ದೆನೇನೋ ಎಂದು ಒಂದೆರಡು ವಾರ ನನಗೂ ಅನ್ನಿಸಿತು.

ಆಮೇಲೆ ಕನೀಕುಲಾ ಬಂತು. ಮಳೆಗಾಲದ ನಡುವೆ ಒಂದಿಷ್ಟು ದಿನ ಬಿಸಿಲು ಬಿಟ್ಟು ಹೋಗುವುದು ಎಲ್ಲ ವರ್ಷದ ಕಥೆ. ಈ ವರ್ಷ ಅದು ಬಂದು ಕೂತದ್ದು ಇನ್ನೂ ಎದ್ದಿಲ್ಲ. ಜುಲೈ ಕೊನೆಯ ವಾರದ ಸಾಂತಿಯಾಗೊ ಹಬ್ಬಕ್ಕೂ ಮುಂಚೆ ಬಿದ್ದದ್ದೇ ಕೊನೆಯ ಮಳೆ. ಮೇಲಿನ ಅರ್ಧದಲ್ಲಿ ಎಲೆಗಳು ಸುರುಟಿಕೊಂಡಿವೆ. ಮೊದಲ ಮಳೆಗಳಿಗೇ ಬೂದಿ ಇಳಿಜಾರಿನಲ್ಲಿ ತೊಳೆದು ಹೋಗಿತ್ತು, ಈಗ ನೆಲ ಬಿರುಕು ಬಿಟ್ಟಿದೆ. ಊರಿನ ಹೊಲವೆಲ್ಲ ಹಾಗೇ ಇದೆ. ಕೆಳಗಿನ ಅರ್ಧದಲ್ಲಿ ತರಗು ಸರಿಸಿ ಕೈ ಹಾಕಿದರೆ ಇವತ್ತಿಗೂ ಬೆರಳಿಗೆ ತಂಪು ತಗಲುತ್ತದೆ. ಪೈರು ಎತ್ತರವೇನಿಲ್ಲ. ಆದರೆ ತೆನೆ ಕಟ್ಟುತ್ತಿದೆ.

ಮೇಲಿನದು ಒಣಗುವುದನ್ನು ನೋಡಿ ಒಂದು ದಿನ ನನಗೆ ಖುಷಿಯಾಯಿತು. ನಿಮಗೆ ಹೀಗೇ ಆಗಬೇಕು ಎಂದುಕೊಂಡೆ. ಮರುದಿನ ಅಲ್ಲಿ ನಿಂತಾಗ, ಅದನ್ನೂ ನಾನೇ ಬಿತ್ತಿದ್ದು ಎಂದು ನೆನಪಾಗಿ ನಾಚಿಕೆಯಾಯಿತು.

ಸಾನ್ ಇಸಿದ್ರೊ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಿದ್ದೀರಿ. ಬೇಕಿರಲಿಲ್ಲ. ಹರಕೆ ಅಂದು ಸುಳ್ಳಾಗಿತ್ತು, ಆಮೇಲೆ ನಿಜ ಮಾಡಿದೆ. ತೊರೆಯ ಬದಿಯ ಗೊಬ್ಬರದ ಗಿಡಗಳಿಂದ ಸೊಪ್ಪು ಸವರಿ ತಂದು ಕೆಳಗಿನ ಅರ್ಧಕ್ಕೆ ಕೈಯಾರೆ ಹರಡಿದೆ. ಸಂತನಿಗೆ ಅಷ್ಟು ಸಾಕು.

ಭಾವನ ದನಗಳ ಪಕ್ಕೆಲುಬು ಕಾಣುತ್ತಿವೆ. ಮೊನ್ನೆ ಅವರು ಬೇಲಿಯಾಚೆ ನಿಂತು ಆ ಸೊಪ್ಪನ್ನೇ ನೋಡುತ್ತಿದ್ದರು. ಕೇಳಲಿಲ್ಲ. ಎರಡು ಹೊರೆ ಕಡಿದು ಕೊಟ್ಟೆ. "ಇದನ್ನ ತಿಂತಾವಾ?" ಎಂದರು. ತಿಂದವು.

ನಿಮ್ಮ ಸೊಸೆ
ನಿಕೊಲಾಸಾ


ಸಾನ್ ಪೆದ್ರೊ ಸುಲಾ
31 ಆಗಸ್ಟ್ 1997

ನಿಕೊಲಾಸಾಗೆ,

ಕಾಗದದ ಮೇಲೆ ಯಾವ ಹೊಲವೂ ಹಸಿರಾಗಿರುತ್ತದೆ. ತೊರಿಬಿಯೊಗೆ ಬರೆದಿದ್ದೇನೆ. ಹೋಗಿ ನಿಂತು ನೋಡು, ನೆಲಕ್ಕೆ ಕೈ ಹಾಕಿ ನೋಡು, ಆಮೇಲೆ ನನಗೆ ಹೇಳು ಎಂದಿದ್ದೇನೆ. ಅವನು ನನಗೆ ಸುಳ್ಳು ಹೇಳುವವನಲ್ಲ. ಹೇಳಲು ನೋಡಿದ್ದಾನೆ, ಅವನಿಗೆ ಬರುವುದಿಲ್ಲ.

ಇಲ್ಲೂ ಮಳೆ ಇಲ್ಲ.

ಕ್ರೆಸೆನ್ಸಿಯೊ


ಸಾನ್ ಪೆದ್ರೊ ಸುಲಾ
12 ಅಕ್ಟೋಬರ್ 1997

ನಿಕೊಲಾಸಾಗೆ,

ತೊರಿಬಿಯೊ ಕಾಗದ ಬರೆಯಲಿಲ್ಲ. ತಾನೇ ಬಸ್ಸು ಹತ್ತಿ ಬಂದ. ಇಷ್ಟು ವರ್ಷದಲ್ಲಿ ಅವನು ಸಾನ್ ಪೆದ್ರೊಗೆ ಬಂದದ್ದು ಇದೇ ಮೊದಲು. ಅಂಗಡಿಯ ಕಟ್ಟೆ ಮೇಲೆ ಕೂತ, ಸೋಡಾ ಕುಡಿದ, ಹೇಸರಗತ್ತೆಯ ಸಮಾಚಾರ ಹೇಳಿದ. ಆಮೇಲೆ ಚೀಲದಿಂದ ಒಂದು ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಎರಡು ತೆನೆ. ಒಂದು ನನ್ನ ಹೆಬ್ಬೆರಳಿನಷ್ಟಿತ್ತು. ಅರ್ಧಕ್ಕರ್ಧ ಕಾಳೇ ಇರಲಿಲ್ಲ. ಇನ್ನೊಂದು ತೆನೆ ಎನ್ನಿಸಿಕೊಳ್ಳುವ ಹಾಗಿತ್ತು.

"ಇದು ನಾನು ಚೊಕ್ಕ ಮಾಡಿದ್ದು ಕಂಪಾದ್ರೆ" ಎಂದ. "ಇದು ಅವಳು ಮಾಡಕ್ಕೆ ಬಿಡದೇ ಇದ್ದಿದ್ದು."

"ಒಳ್ಳೇದನ್ನ ಆರಿಸಿ ತಂದಿದ್ದೀಯ" ಎಂದೆ.

"ಆರಿಸ್ಲಿಲ್ಲ. ಕಣ್ಣು ಮುಚ್ಕೊಂಡು ಕೈಗೆ ಸಿಕ್ಕಿದ್ದು ಕಿತ್ತೆ. ಎರಡೂ ಕಡೆ."

ಆಮೇಲೆ ಉಳಿದದ್ದನ್ನು ಹೇಳಿದ. ಅವನ ಹೊಲದಲ್ಲಿ ಏನೂ ಬರಲಿಲ್ಲವಂತೆ. ನೀನೇ ಒಂದು ಚೀಲ ಮೆಕ್ಕೆಜೋಳ ಹೊತ್ತುಕೊಂಡು ಹೋಗಿ ಅವನ ಬಾಗಿಲಲ್ಲಿ ಇಟ್ಟೆಯಂತೆ. ಬೇಡ ಎಂದರೆ ಮುಯ್ಯಿ ಎಂದೆಯಂತೆ. "ಅವಳ ಹೊಲ ಸುಟ್ಟಿದ್ದಕ್ಕೆ ಮುಯ್ಯಿ ತಗೊಂಡ್ನಲ್ಲ ಕಂಪಾದ್ರೆ, ರೊಟ್ಟಿ ಗಂಟಲಲ್ಲಿ ಇಳೀತಿಲ್ಲ" ಎಂದ. ಆದರೂ ತಿನ್ನುತ್ತಿದ್ದಾನಂತೆ. ಮುಂದಿನ ಸಲ ಒಂದು ತುಂಡು ನೆಲ ಸುಡದೆ ಬಿಡುತ್ತಾನಂತೆ. ಯಾವುದು ಎಂದು ಕೇಳಿದೆ. ಮನೆಯ ಹಿಂದಿನದು, ದಾರಿಯಿಂದ ಕಾಣುವುದಿಲ್ಲ ಎಂದ.

ಮಕ್ಲೋವಿಯೊನನ್ನು ಕರೆಸಿ ಹೇಳಿದ್ದೇನೆ. ಹೊಲ ನಿನ್ನದು. ದಾರಿಯ ಬದಿಯೂ ಕೆಳಗಿನದೂ, ಎರಡೂ. ಹೇಗೆ ಬೇಕೋ ಹಾಗೆ ಇಟ್ಟುಕೋ. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಆ ಸೊಪ್ಪಿನ ಗಿಡದ ಕಡ್ಡಿ ಕೊಡುತ್ತಾಳಾ ಕೇಳು, ಬೇಲಿಗೆ ನೆಡುತ್ತೇನೆ ಎಂದ. ಕೊಡು.

ಒಂದು ತಿಂಗಳಿಂದ ನಾನು ಮರದ ಕೆಳಗೆ ಗುಡಿಸುತ್ತಿಲ್ಲ. "ಅಪ್ಪಾ, ಮೈಗೆ ಹುಷಾರಿಲ್ವಾ?" ಎಂದು ಎರ್ಮೆಲಿಂದಾ ಕೇಳಿದಳು. ಸೊಂಟ ನೋವು ಎಂದೆ. ಅವಳಿಗೆ ಹೇಳಬೇಡ, ದಿನಾ ಬೆಳಗ್ಗೆ ಎಲೆ ಸರಿಸಿ ಕೈ ಹಾಕಿ ನೋಡುತ್ತೇನೆ.

ಹೊರಡುವಾಗ ತೊರಿಬಿಯೊ ಇನ್ನೊಂದು ಕೇಳಿದ. "ಸತ್ತವರ ಹಬ್ಬ ಬಂತು. ಲಿಸಾಂದ್ರೊ ಗೋರಿ ಚೊಕ್ಕ ಮಾಡಿಸ್ಲಾ? ನೀನಂತೂ ಬರಲ್ಲ." ಪ್ರತಿ ವರ್ಷ ನಮ್ಮವರ ಗೋರಿಗಳನ್ನು ನಾನೇ ಮಚ್ಚಿನಿಂದ ಕೆರೆದು, ಒಂದು ಹುಲ್ಲುಕಡ್ಡಿ ಇಲ್ಲದಂತೆ ಮಾಡಿ, ಗುಡಿಸಿ ಬರುತ್ತಿದ್ದೆ. ನಿನಗೇ ಗೊತ್ತು. ಬಸ್ಸಿನವನು ಹಾರ್ನ್ ಹಾಕುತ್ತಿದ್ದ. ಬೇಡ ಎಂದೆ. ಎಲೆ ಬಿದ್ದಿದ್ದರೆ ಹಾಗೇ ಇರಲಿ ಎಂದೆ. ತೊರಿಬಿಯೊ ನನ್ನ ಮುಖ ನೋಡಿದ, ಬಸ್ಸು ಹತ್ತಿದ.

ನೀನೂ ಗುಡಿಸಬೇಡ. ಹೂವು ಇಡು, ಸಾಕು.

ನಿನ್ನ ಮಾವ
ಕ್ರೆಸೆನ್ಸಿಯೊ


ಎಲ್ ಹಿಕಾರಾಲ್
3 ನವೆಂಬರ್ 1997

ಮಾವನವರಿಗೆ,

ಕಾಗದ ತಲುಪಿತು. ಭಾವ ಬಂದು ಕಡ್ಡಿ ಕಡಿದುಕೊಂಡು ಹೋದರು. ನೆಡುವುದು ಹೇಗೆಂದು ತೋರಿಸಲು ನಾನೂ ಹೋಗಿದ್ದೆ. ಹಗ್ಗ ಹಿಡಿದು ಸಾಲು ಎಳೆದೆವು. ಈ ಸಲವೂ ಒಂದು ತುದಿ ನನ್ನ ಕೈಯಲ್ಲಿತ್ತು.

ಕಣಜದಲ್ಲಿರುವುದು ಈಸ್ಟರ್ ತನಕ ಸಾಲುತ್ತದೆ. ಈ ವರ್ಷಕ್ಕೆ ಅದು ದೊಡ್ಡದು. ಮಳೆ ಮತ್ತೆ ಹಿಡಿದ ಮೇಲೆ ಕೆಳಗಿನ ಅರ್ಧಕ್ಕೆ ಬೀನ್ಸ್ ಹಾಕಿದ್ದೇನೆ, ಹೂ ಬಿಟ್ಟಿದೆ. ಮೇಲಿನ ಅರ್ಧವನ್ನು ಮೊದಲಿನಿಂದ ಮಾಡಬೇಕು. ಸುಟ್ಟ ಮರಗಳಲ್ಲಿ ಕೆಲವು ಚಿಗುರಿವೆ, ಕೆಲವು ಇಲ್ಲ. ಡಿಸೆಂಬರಿನಲ್ಲಿ ಬರುವಾಗ ನಿಮ್ಮ ಪೊರಕೆ ತನ್ನಿ. ದಾರಿಯುದ್ದಕ್ಕೂ ತರಗು ಬಿದ್ದಿರುತ್ತದೆ. ಎಷ್ಟು ಬೇಕಾದರೂ ಗುಡಿಸಿ. ಗುಡಿಸಿದ್ದನ್ನು ಹೊಲಕ್ಕೆ ಸುರಿಯಿರಿ.

ನಿನ್ನೆ ಸ್ಮಶಾನಕ್ಕೆ ಹೋಗಿದ್ದೆ. ಇಡೀ ಊರೇ ಅಲ್ಲಿತ್ತು. ಎಲ್ಲರೂ ಕೆರೆದು ಗುಡಿಸಿ, ಸುಣ್ಣ ಬಳಿದು, ಕೆಂಪು ಮಣ್ಣು ಕಾಣುವಂತೆ ಮಾಡಿದ್ದರು. ಲಿಸಾಂದ್ರೊರ ಮೇಲೆ ಪಕ್ಕದ ಪೈನ್ ಮರದ ಎಲೆ ದಪ್ಪಗೆ ಬಿದ್ದಿತ್ತು. ಅದರ ಮೇಲೇ ಹೂವು ಇಟ್ಟು ಕೂತೆ.

ಪಕ್ಕದ ಗೋರಿ ಗುಡಿಸುತ್ತಿದ್ದ ದೋನ್ಯಾ ಎದೆಲ್ಮಿರಾ ಸೊಂಟ ನೆಟ್ಟಗೆ ಮಾಡಿ ನೋಡಿದರು. "ಅಯ್ಯೋ, ಎಷ್ಟು ಹೊಲಸಾಗಿದೆ! ಈ ಹುಡುಗನಿಗೆ ಹೇಳೋರು ಕೇಳೋರು ಯಾರೂ ಇಲ್ವಾ?"

"ಇದಾರೆ" ಎಂದೆ. "ಹೀಗೇ ಇರ್ಲಿ ಅಂತ ಅವರಪ್ಪನೇ ಹೇಳಿ ಕಳಿಸಿದಾರೆ."

ನಿಮ್ಮ ಸೊಸೆ
ನಿಕೊಲಾಸಾ